ಪಕ್ಕದ ಗೋದಾಮಿನ ಮೇಲೊಂದು ಅರ್ಜಿ

ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಅಂಗೈಯಗಲದ ಮಣ್ಣಿನ ಹೆಂಟೆಯೊಂದು ಬಿದ್ದಿತ್ತು. ಬೇಸಿಗೆ ರಜೆ ಮುಗಿದು ಶಾಲೆ ತೆರೆದು ಹೆಚ್ಚು ದಿನ ಆಗಿರಲಿಲ್ಲ. ಮಕ್ಕಳಿಗೆ ಬಡಿಸುವ ಮೊದಲು ಬಿಸಿಯೂಟದ ರುಚಿ ನೋಡುವುದು ಮುಖ್ಯ ಶಿಕ್ಷಕಿಯಾದ ನನ್ನ ಕೆಲಸ. ತಟ್ಟೆ ಹಿಡಿದು ಅಡುಗೆಮನೆಗೆ ಹೋದಾಗ ನಮ್ಮ ಅಡುಗೆಯಮ್ಮ ಆ ಹೆಂಟೆಯನ್ನು ಎತ್ತಿ ಹೊರಗೆಸೆಯುತ್ತಿದ್ದರು.

“ಎಲ್ಲಿಂದ ಬಿತ್ತಮ್ಮ ಇದು?”

“ಇಲಿ ಕೆಡವಿರ್ತವೆ ಬುಡಿ ಮೇಡಮ್ನೋರೆ,” ಎಂದರು, ನನ್ನ ಮುಖ ನೋಡದೆ.

ತಲೆಯೆತ್ತಿ ನೋಡಿದೆ. ಆ ಬದಿಗೆ ಗೋಡೆಯಿಲ್ಲದೆ ತೆರೆದೇ ಇದ್ದ ಅಡುಗೆಮನೆಯ ಶೀಟಿನ ಮಾಡಿಗೂ ಪಕ್ಕದ ಗೋದಾಮಿನ ಗೋಡೆಗೂ ನಡುವೆ ಒಂದು ಮೊಳದ ಸಂದಿ. ಆ ಸಂದಿಯಲ್ಲಿ ಗೋಡೆ ಸೊಂಟದ ಮಟ್ಟದಿಂದ ಮೇಲಕ್ಕೆ ಬಸುರಿಯ ಹೊಟ್ಟೆಯಂತೆ ನಮ್ಮ ಕಡೆಗೆ ಉಬ್ಬಿಕೊಂಡಿತ್ತು. ಉಬ್ಬಿನ ಒಂದು ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ, ಬೆರಳು ತೂರುವಷ್ಟು ಬಿರುಕು.

ನಮ್ಮದು ಅರಸೀಕೆರೆಯಲ್ಲಿ ಮಾರುಕಟ್ಟೆಗೂ ರೈಲು ಹಳಿಗೂ ನಡುವಿನ ಬೀದಿಯ ಚಿಕ್ಕ ಸರ್ಕಾರಿ ಶಾಲೆ. ನಾನು, ಇನ್ನೊಬ್ಬರು ಮೇಷ್ಟ್ರು, ಅಡುಗೆಯಮ್ಮ, ಮಕ್ಕಳು, ಇಷ್ಟೇ. ಪಕ್ಕದ್ದು ಕೊಬ್ಬರಿ ವ್ಯಾಪಾರಿಯೊಬ್ಬರ ಹಳೆಯ ಗೋದಾಮು. ಮಣ್ಣಿನ ಗೋಡೆ, ಮೇಲೆ ಗಾರೆ, ಹೆಂಚಿನ ಮಾಡು. ಒಳಗೆ ಉದ್ದಕ್ಕೂ ಅಟ್ಟ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಅಟ್ಟದ ಮೇಲೆ ಹರಡಿ ವರ್ಷದ ಮಟ್ಟಿಗೆ ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಲ್ಲಿಯವರೆಗೆ ಅಟ್ಟದ ತೂಕವನ್ನೆಲ್ಲ ಹೊರುವುದು ತೊಲೆಗಳು. ಆ ತೊಲೆಗಳ ತುದಿ ಕೂತಿರುವುದು ನಮ್ಮ ಕಡೆಯ ಗೋಡೆಯಲ್ಲಿ.

ಇನ್ನೊಂದು ವಿಷಯವಿತ್ತು. ಅದೇ ಅಟ್ಟದ ಕೆಳಗೆ, ಹಿಂಬದಿಯ ಕೋಣೆಯಲ್ಲಿ, ನಮ್ಮ ಅಡುಗೆಯಮ್ಮನ ವಾಸ. ಗಂಡ ತೀರಿಹೋದ ಮೇಲೆ ಗೋದಾಮಿನ ಯಜಮಾನರು ಕಾಯಿ ಕಾವಲಿಗೆಂದು ಕೊಟ್ಟ ಜಾಗ. ಆಕೆಗೂ ಮಗಳಿಗೂ ಊರಲ್ಲಿ ಇದ್ದ ಸೂರು ಅದೊಂದೇ.

ಮೇಷ್ಟ್ರನ್ನು ಕರೆದು ಗೋಡೆ ತೋರಿಸಿದೆ. ಅವರು ಬಿಕ್ಕೋಡು ಕಡೆಯವರು. ಮಳೆಗಾಲದಲ್ಲಿ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಗೋಡೆ ಕುಸಿಯುವುದನ್ನು ಕಂಡವರು. ಬಿರುಕಿನಲ್ಲಿ ಕಡ್ಡಿ ತೂರಿಸಿ ನೋಡಿ ಕೈ ಒರೆಸಿಕೊಂಡರು.

“ಮೇಡಂ, ಇದು ಇಲಿ ಕೆಲಸ ಅಲ್ಲ. ಒಳಗಡೆ ಮಣ್ಣು ಹಸಿ ಇದೆ.”

ಅವತ್ತಿನಿಂದ ನನಗೆ ಪಾಠದ ಮೇಲೆ ಮನಸ್ಸು ನಿಲ್ಲಲಿಲ್ಲ. ಗೂಡ್ಸ್ ರೈಲು ಹೋದಾಗಲೆಲ್ಲ ಕಿಟಕಿಯ ಸರಳು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಇಷ್ಟು ವರ್ಷ ಕೇಳಿಯೂ ಕೇಳಿಸದಿದ್ದ ಸದ್ದು ಈಗ ಎದೆಗೇ ಬಡಿಯುತ್ತಿತ್ತು. ಊಟದ ಗಂಟೆಗೆ ಮಕ್ಕಳು ತಟ್ಟೆ ಹಿಡಿದು ನಿಲ್ಲುವ ಸಾಲು ಆ ಗೋಡೆಯ ನೆರಳಲ್ಲೇ ಇರುತ್ತಿತ್ತು. ಮೊದಲು ಮಾಡಿದ ಕೆಲಸವೆಂದರೆ ಸಾಲನ್ನು ಆಚೆ ಬದಿಗೆ ತಿರುಗಿಸಿದ್ದು.

ಕೊಬ್ಬರಿ ಮಂಡಿಗೆ ಹೋಗಿ ಯಜಮಾನರನ್ನು ಕಂಡೆ. ಹಣೆಯ ತುಂಬ ವಿಭೂತಿ, ಮಾತಿನಲ್ಲಿ ಮರ್ಯಾದೆ. ನಮ್ಮ ಮಕ್ಕಳಿಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿಕೊಟ್ಟವರೂ ಅವರೇ.

“ಬನ್ನಿ ಮೇಡಂ, ಕೂತ್ಕಳಿ. ಕಾಫಿ ತಗಳಿ,” ಎಂದರು. ವಿಷಯ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡರು.

“ನಮ್ಮಪ್ಪನ ಕಾಲದ ಗೋಡೆ ಅದು. ಎಷ್ಟು ಮಳೆ ಕಂಡಿಲ್ಲ? ಅಟ್ಟದ ತುಂಬ ಕಾಯಿ ಐತೆ. ಅರ್ಧಂಬರ್ಧ ಒಣಗಿರೋದನ್ನ ಈಗ ಇಳಿಸಿ ಬೇರೆ ಕಡೆ ಹಾಕಿದ್ರೆ ಕೊಳೆತು ಹೋಗ್ತವೆ. ಕಾರ್ತೀಕ ಕಳೀಲಿ, ಕಾಯಿ ಇಳಿಸಿ ರಿಪೇರಿ ಮಾಡಿಸ್ತೀನಿ.”

“ಅಷ್ಟರಲ್ಲಿ ಮಳೆಗಾಲ ಪೂರ್ತಿ ಕಳೀಬೇಕಲ್ಲ ಯಜಮಾನರೇ?”

“ಶಿವ ಇದಾನೆ ಮೇಡಂ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಶಾಲೆಗೆ ವಾಪಸು ಬಂದವಳೇ ನಗರಸಭೆಯ ಪೌರಾಯುಕ್ತರಿಗೆ ಅರ್ಜಿ ಬರೆಯಲು ಕೂತೆ. ಮೂರು ಸಲ ಹರಿದು ಹಾಕಿದೆ. ‘ಶಿಥಿಲಗೊಂಡ ಕಟ್ಟಡವನ್ನು ತೆರವುಗೊಳಿಸುವ ಬಗ್ಗೆ’ ಎಂದು ವಿಷಯದ ಸಾಲು ಬರೆಯುವಾಗ ಆ ಕಟ್ಟಡದೊಳಗಿನ ಒಲೆ, ಹಗ್ಗದ ಮೇಲಿನ ಸೀರೆ, ಮಗಳ ಪುಸ್ತಕದ ಚೀಲ ಕಣ್ಣ ಮುಂದೆ ಬಂದವು. ಅಡುಗೆಯಮ್ಮನಿಗೆ ಮೊದಲೇ ಹೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಆಕೆ ಅನ್ನ ಬಸಿಯುತ್ತಿದ್ದರು. “ಏನ್ ಮೇಡಮ್ನೋರೆ?” ಎಂದಾಗ, “ಉಪ್ಪು ಸ್ವಲ್ಪ ಕಡಿಮೆ ಇರಲಿ,” ಎಂದು ಹೇಳಿ ತಿರುಗಿ ಬಂದೆ. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಒಂದು ಪ್ರತಿಯನ್ನು ನಮ್ಮ ಇಲಾಖೆಯ ಮೇಲಿನ ಕಚೇರಿಗೂ ಕಳಿಸಿದೆ.

ವಾರದೊಳಗೆ ನಗರಸಭೆಯಿಂದ ಎಂಜಿನಿಯರ್ ಬಂದರು. ಸ್ಕೂಟರಿನಲ್ಲಿ ಬಂದ, ನನಗಿಂತ ತುಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗೋಡೆಯ ನೆತ್ತಿಯಿಂದ ಗಾರೆಯವರ ತೂಕದ ಗುಂಡನ್ನು ದಾರ ಕಟ್ಟಿ ಇಳಿಬಿಟ್ಟರು. ನೆತ್ತಿಯಲ್ಲಿ ಗೋಡೆಗೆ ಅಂಟಿಕೊಂಡಿದ್ದ ದಾರ ನಡುವಿನ ಉಬ್ಬಿಗೆ ತಗುಲಿ ಮಡಚಿಕೊಂಡಿತು. ಫೋಟೊ ತೆಗೆದರು, ಅಳತೆ ಬರೆದುಕೊಂಡರು, ನನ್ನ ಮತ್ತು ಮೇಷ್ಟ್ರ ಸಹಿ ಹಾಕಿಸಿ ಸ್ಥಳ ಮಹಜರು ಮಾಡಿದರು.

“ಬಿರುಕು ಹಳೇದಿದ್ದು ಹಾಗೇ ನಿಂತಿದ್ರೆ ಒಂದು ಲೆಕ್ಕ, ಇನ್ನೂ ಅಗಲ ಆಗ್ತಿದ್ರೆ ಇನ್ನೊಂದು ಲೆಕ್ಕ ಮೇಡಂ,” ಎಂದರು. “ನಿಮ್ಮ ಹತ್ರ ತೆಳ್ಳನೆ ಗಾಜಿನ ಪಟ್ಟಿ ಇದೆಯಾ?”

ವಿಜ್ಞಾನದ ಪೆಟ್ಟಿಗೆಯಲ್ಲಿ ಸೂಕ್ಷ್ಮದರ್ಶಕದ ಗಾಜುಪಟ್ಟಿಗಳಿದ್ದವು. ಬಿರುಕಿನ ಎರಡು ದಡದಲ್ಲೂ ಸಡಿಲ ಗಾರೆ ಕೆರೆದು, ಸಿಮೆಂಟಿನ ಚಿಕ್ಕ ದಿಬ್ಬ ಮಾಡಿ, ಪಟ್ಟಿಯನ್ನು ಅಡ್ಡಕ್ಕೆ ಸೇತುವೆಯಂತೆ ಅಂಟಿಸಿದರು. ಎದೆಯ ಮಟ್ಟದಲ್ಲಿ ಒಂದು, ಮೇಲೆ ಇನ್ನೊಂದು. ಗಾಜು ಹಿಗ್ಗುವುದಿಲ್ಲ, ಬಾಗುವುದಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಒಡೆದುಬಿಡುತ್ತದೆ. “ದಿನಾ ಬೆಳಿಗ್ಗೆ ನೋಡ್ತಿರಿ. ಒಡೆದ್ರೆ ತಕ್ಷಣ ನನಗೆ ಫೋನ್ ಮಾಡಿ.”

ಆದರೆ ಕೆಡವಿಸಲು ನೋಟಿಸ್ ಬೇಕು. ಗೋದಾಮಿನ ಖಾತೆ ಇನ್ನೂ ಯಜಮಾನರ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಯಜಮಾನರಿಗಲ್ಲದೆ ಬೇಲೂರಿನಲ್ಲಿದ್ದ ಅವರ ತಮ್ಮನಿಗೂ ನೋಟಿಸ್ ಮುಟ್ಟಬೇಕು, ಉತ್ತರ ಕೊಡಲು ಕಾಲಾವಕಾಶ ಕೊಡಬೇಕು, ಬಂದ ಉತ್ತರವನ್ನು ವಿಚಾರಿಸಬೇಕು. ಎಂಜಿನಿಯರ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ವಿವರಿಸಿದರು. “ಕಾನೂನು ಹಾಗಿದೆ ಮೇಡಂ. ಅವರ ಮಾತನ್ನೂ ಕೇಳದೆ ಕೆಡವೋಕೆ ಆಗಲ್ಲ.” ಅದು ನ್ಯಾಯವೆಂದು ನನಗೂ ಗೊತ್ತಿತ್ತು. ಗೋಡೆಗೆ ಗೊತ್ತಿರಬೇಕಲ್ಲ.

ನೋಟಿಸನ್ನು ಗೋದಾಮಿನ ಬಾಗಿಲಿಗೂ ಅಂಟಿಸಿದರು. ಅಡುಗೆಯಮ್ಮನ ಮಗಳು ಹೈಸ್ಕೂಲಿನಿಂದ ಬಂದವಳು ಅದನ್ನು ತಾಯಿಗೆ ಓದಿ ಹೇಳಿದ್ದಾಳೆ. ಮರುದಿನ ತರಕಾರಿ ಹೆಚ್ಚುತ್ತಿದ್ದ ಅಡುಗೆಯಮ್ಮ ನನ್ನನ್ನು ಕಂಡದ್ದೇ ಈಳಿಗೆ ಮಣೆಯಿಂದ ಎದ್ದು ನಿಂತರು.

“ನನ್ ಮನೆ ಕೆಡವ್ಸಾಕೆ ಅರ್ಜಿ ಕೊಟ್ಟಿರೋರು ನೀವೇನಾ?”

“ಮನೆ ಕೆಡವಿಸೋಕಲ್ಲಮ್ಮ. ಗೋಡೆ ಬಿದ್ರೆ ಮಕ್ಕಳು—”

“ಮಕ್ಕಳು, ಮಕ್ಕಳು! ನನ್ ಮಗ್ಳು ಮಗು ಅಲ್ವಾ? ವಯಸ್ಸಿಗೆ ಬಂದ ಹುಡುಗೀನ ಕಟ್ಕಂಡು ನಾನ್ ಯಾರ್ ಬಾಗ್ಲಿಗೆ ಹೋಗ್ಲಿ? ಒಂದ್ ಮಾತು ಕೇಳಬಾರ್ದಿತ್ತಾ ನನ್ನ?”

ಆಕೆ ಮತ್ತೆ ಕೂತು ಹೆಚ್ಚತೊಡಗಿದರು. ಅವತ್ತಿನಿಂದ ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ರುಚಿಯೂ ಕೆಡಲಿಲ್ಲ. ನನ್ನ ಜೊತೆ ಮಾತು ಮಾತ್ರ ನಿಂತಿತು. ರುಚಿ ನೋಡುವ ತಟ್ಟೆಯನ್ನು ಮೇಷ್ಟ್ರ ಕೈಯಲ್ಲಿ ಕಳಿಸುತ್ತಿದ್ದರು.

ಯಜಮಾನರ ಆಕ್ಷೇಪಣೆ ಬಂತು. ಗೋಡೆ ಗಟ್ಟಿಯಾಗಿದೆಯೆಂದು ಒಬ್ಬ ಗಾರೆ ಮೇಸ್ತ್ರಿ ಬರೆದುಕೊಟ್ಟಿದ್ದನ್ನು ಜೊತೆಗಿಟ್ಟಿದ್ದರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಎರಡನೇ ಮಾತು: ಶಾಲೆಯ ಮಕ್ಕಳು ಕೈತೊಳೆದ ನೀರು ಹರಿದು ನಿಲ್ಲುವುದು ಅದೇ ಗೋಡೆಯ ಬುಡದಲ್ಲಿ, ಏನಾದರೂ ಆದರೆ ಅದಕ್ಕೆ ಶಾಲೆಯೇ ಹೊಣೆ. ಹೋಗಿ ನೋಡಿದರೆ ಅದರಲ್ಲಿ ಸುಳ್ಳಿರಲಿಲ್ಲ. ನಲ್ಲಿಗಳ ಕೆಳಗಿನ ಮೋರಿ ಒಂದು ಕಡೆ ಬಾಯಿ ಬಿಟ್ಟು ನೀರು ಗೋದಾಮಿನ ಪಾಯಕ್ಕೆ ಇಳಿಯುತ್ತಿತ್ತು. ಆ ಭಾನುವಾರ ನಾನೂ ಮೇಷ್ಟ್ರೂ ಗುದ್ದಲಿ ಹಿಡಿದು ಬೀದಿಯ ಚರಂಡಿಯವರೆಗೆ ಹೊಸ ಕಾಲುವೆ ತೋಡಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದವು. ಗೋಡೆ ಬಿದ್ದರೆ ನಮ್ಮ ಮೇಲೆಯೇ ಕೇಸಾಗುತ್ತದೇನೋ ಎಂಬ ಹೆದರಿಕೆ ಹೊಸದಾಗಿ ಸೇರಿಕೊಂಡಿತು.

ಗಾಜು ಮಾತ್ರ ಒಡೆಯಲಿಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ನೋಡುತ್ತಿದ್ದೆ. ಎರಡೂ ಪಟ್ಟಿ ಹಾಗೆಯೇ ಹೊಳೆಯುತ್ತಿದ್ದವು. ಬೀದಿಯಲ್ಲಿ ಮಾತು ಎದ್ದಿತ್ತು. “ನೀರಿನ ತೊಟ್ಟಿ ಕಟ್ಸಿಕೊಟ್ಟೋರ ಮೇಲೇ ಅರ್ಜಿ ಹಾಕವ್ರಂತೆ,” ಎಂದು ಹಾಲಿನ ಡೇರಿಯ ಬಳಿ ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಒಬ್ಬ ಹುಡುಗಿಯ ತಂದೆ ನೇರವಾಗಿಯೇ, “ಗೋಡೆಗಿಂತ ನೀವೇ ಜಾಸ್ತಿ ಹೆದರಿಸ್ತಿದೀರಿ ಮೇಡಂ,” ಎಂದು ಹೇಳಿ ಮಗಳ ವರ್ಗಾವಣೆ ಪತ್ರ ಕೇಳಿದರು. ಗಾಜು ಒಡೆಯದಿದ್ದರೆ ನಾನು ಸುಮ್ಮಸುಮ್ಮನೆ ಊರಿನ ವೈರ ಕಟ್ಟಿಕೊಂಡವಳು. ಒಡೆದರೆ ಮಕ್ಕಳ ತಲೆಯ ಮೇಲೆ ಮರಣ. ಯಾವುದು ಆಗಲಿ ಎಂದು ಬೇಡಿಕೊಳ್ಳುವುದೆಂದು ತಿಳಿಯದೆ ನಿಂತಿರುತ್ತಿದ್ದೆ.

ಆಮೇಲೆ ಸೋನೆ ಹಿಡಿಯಿತು. ಜೋರಿಲ್ಲ, ಬಿಡುವೂ ಇಲ್ಲ. ಮಣ್ಣಿನ ಗೋಡೆಗೆ ಇಂಥ ಮಳೆಯೇ ಕೆಟ್ಟದ್ದು ಎಂದರು ಮೇಷ್ಟ್ರು. ಒಂದು ಬೆಳಿಗ್ಗೆ ಕೊಡೆ ಹಿಡಿದು ಸಂದಿಗೆ ಹೋದೆ. ಮೇಲಿನ ಗಾಜುಪಟ್ಟಿ ನಡುವೆ ಸೀಳಿಹೋಗಿತ್ತು. ಕೆಳಗಿನದು ಒಂದು ಕಡೆ ಕಿತ್ತು ಬಂದು ನೇತಾಡುತ್ತಿತ್ತು.

ಎಂಜಿನಿಯರಿಗೆ ಫೋನ್ ಮಾಡಿದೆ. “ಮಕ್ಕಳನ್ನ ಆ ಕಡೆಗೆ ಬಿಡಬೇಡಿ. ಪೌರಾಯುಕ್ತರು ಹಾಸನದಲ್ಲಿ ಮೀಟಿಂಗಲ್ಲಿದ್ದಾರೆ, ಸಂಜೆ ಸಹಿ ಹಾಕಿಸ್ಕೊಂಡು ನಾಳೆ ಆರ್ಡರ್ ಜೊತೇಲೇ ಬರ್ತೀನಿ,” ಎಂದರು. ಮೇಲಿನ ಕಚೇರಿಗೆ ಫೋನ್ ಮಾಡಿದೆ. ಶಾಲೆ ಸ್ಥಳಾಂತರಿಸಲು ಲಿಖಿತ ಅನುಮತಿ ಬೇಕು, ಪ್ರಸ್ತಾವನೆ ಕಳಿಸಿ ಎಂದರು. ಅಷ್ಟು ಹೊತ್ತಿಗೆ ಮಕ್ಕಳು ಚೀಲ ಹೊತ್ತು ಗೇಟಿನೊಳಗೆ ಬರತೊಡಗಿದ್ದರು.

ಗೇಟಿಗೆ ಅಡ್ಡ ನಿಂತೆ. “ಯಾರೂ ಒಳಗೆ ಬರಬೇಡಿ. ಎಲ್ಲರೂ ಮೇಷ್ಟ್ರ ಹಿಂದೆ ಸಾಲಾಗಿ ನಿಲ್ಲಿ,” ಎಂದೆ. ಬೀದಿಯ ಆ ತುದಿಯಲ್ಲಿ ಸಮುದಾಯ ಭವನವಿತ್ತು. ಬೀಗದ ಕೈ ಇಟ್ಟುಕೊಂಡಿದ್ದವರ ಮನೆಗೆ ನಾನೇ ಓಡಿದೆ. ಹಾಜರಿ ಪುಸ್ತಕ ಮತ್ತು ಒಂದು ಕರಿಹಲಗೆ ಬಿಟ್ಟರೆ ಏನನ್ನೂ ಒಯ್ಯಲಿಲ್ಲ. ಮಧ್ಯಾಹ್ನದ ಊಟಕ್ಕೆ ಪಕ್ಕದ ಬಡಾವಣೆಯ ಶಾಲೆಯ ಮುಖ್ಯ ಶಿಕ್ಷಕಿಯನ್ನು ಕೇಳಿಕೊಂಡೆ. ಅವರು ಎರಡನೇ ಮಾತಾಡದೆ ಒಪ್ಪಿದರು. ಅನುಮತಿಯಿಲ್ಲದೆ ಶಾಲೆ ಮುಚ್ಚಿದವಳೆಂದು ನಾಳೆ ಏನು ಬೇಕಾದರೂ ಆಗಬಹುದಿತ್ತು. ಮಕ್ಕಳನ್ನೆಲ್ಲ ಒಳಗೆ ಕೂರಿಸಿ ಹಾಜರಿ ಕರೆದೆ.

ಅಡುಗೆಯಮ್ಮನಿಗೂ ಹೇಳಿದೆ. “ಶಾಲೆಯ ಆ ತುದಿಯ ಕೊಠಡಿ ಗೋಡೆಯಿಂದ ದೂರ ಇದೆ. ಅದರ ಕೀಲಿ ತಗೊಳ್ಳಿ. ಮಗಳನ್ನ ಕರ್ಕೊಂಡು ಇವತ್ತೇ ಅಲ್ಲಿಗೆ ಬನ್ನಿ.” ಕೀಲಿ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಭವನಕ್ಕೆ ಹೊರಟವಳು ಗೋದಾಮಿನ ಮುಂದೆ ಟೆಂಪೊ ನಿಂತಿರುವುದನ್ನು ಕಂಡೆ. ಗಾಜು ಒಡೆದ ಸುದ್ದಿ ಯಜಮಾನರಿಗೂ ಮುಟ್ಟಿತ್ತು. ಕೆಡವುವ ಆರ್ಡರ್ ಬರುವುದರೊಳಗೆ ಕಾಯಿ ಇಳಿಸಿಕೊಳ್ಳಲು ಹಮಾಲರನ್ನು ಕರೆತಂದಿದ್ದರು. ಅವರು ಅಂಗಿ ಬಿಚ್ಚಿ ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಿದ್ದರು.

“ಯಜಮಾನರೇ, ಯಾರನ್ನೂ ಅಟ್ಟ ಹತ್ತಿಸಬೇಡಿ. ಎಂಜಿನಿಯರ್ ಈಗ ಬರ್ತಾರೆ,” ಎಂದು ಬಾಗಿಲಲ್ಲಿ ನಿಂತುಬಿಟ್ಟೆ.

ಮೊದಲ ಸಲ ಅವರ ದನಿ ಏರಿತು. “ಇದು ಶಾಲೆ ಅಲ್ಲ ಮೇಡಂ, ನನ್ನ ಗೋದಾಮು. ಕೆಡವಿ ಅಂದ್ರಿ, ಖಾಲಿ ಮಾಡ್ತಿದೀನಿ. ಅದಕ್ಕೂ ಅಡ್ಡ ಬಂದ್ರೆ ನಾನೇನ್ ಮಾಡ್ಲಿ? ದಾರಿ ಬಿಡಿ.”

ಹಮಾಲರಲ್ಲಿ ಹಿರಿಯ ನಮ್ಮಿಬ್ಬರ ಮುಖ ನೋಡಿದ. ನನ್ನ ಬಳಿ ಆರ್ಡರ್ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಆ ಹೊತ್ತಿಗೆ ಹಿಂದಿನಿಂದ ಅಡುಗೆಯಮ್ಮನ ದನಿ ಕೇಳಿಸಿತು.

“ಹತ್ತಬೇಡ್ರಪ್ಪೋ.”

ಕಂಕುಳಲ್ಲಿ ಹಾಸಿಗೆ ಸುರುಳಿ ಹಿಡಿದು ಹಿಂಬದಿಯಿಂದ ಬಂದು ನಿಂತಿದ್ದರು. ಕೀಲಿ ತೆಗೆದುಕೊಂಡವರು ಕೊಠಡಿಗೆ ಹೋಗಿರಲೇ ಇಲ್ಲ. ಕಾಯಿ ಕಾವಲು ಬಿಡಬಾರದೆಂದು ಅಲ್ಲೇ ಉಳಿದಿದ್ದರು. ಮಗಳನ್ನು ಮಾತ್ರ ಕಳಿಸಿದ್ದರು.

“ಯಜಮಾನ್ರೇ, ಯುಗಾದಿ ಕಳೆದಾಗ್ಲಿಂದ ತೊಲೆ ಕಿರುಗುಟ್ತೈತೆ. ದಿನಾ ಕೇಳಿವ್ನಿ. ಮೊದ್ಲು ಮಣ್ಣು ಉದುರ್ತಿತ್ತು, ಗುಡಿಸಿ ಹಾಕ್ತಿದ್ದೆ. ಈಗ ತೊಲೆ ತುದೀನೇ ಗೋಡೆ ಬಿಟ್ಟು ಹೊರಕ್ಕೆ ಬಂದೈತೆ. ಬೆಳಿಗ್ಗೆ ಕಣ್ಣಾರೆ ಕಂಡೆ.”

“ಇಷ್ಟು ದಿನ ಯಾಕವ್ವ ಹೇಳ್ಲಿಲ್ಲ ನಂಗೆ?”

“ಹೇಳಿದ್ರೆ ಖಾಲಿ ಮಾಡು ಅಂತಿದ್ರಿ. ಎಲ್ಲಿಗ್ ಹೋಗ್ಲಿ ನಾನು? ಬೀಳಾಕಿಲ್ಲ, ಬೀಳಾಕಿಲ್ಲ ಅಂದ್ಕಂಡು ಮಲೀಕತಿದ್ದೆ. ಇವ್ರೂ ಹೆಂಡ್ರು ಮಕ್ಕಳು ಇರೋರು. ಹತ್ತಿಸ್ಬೇಡಿ.”

ಯಜಮಾನರು ಬಾಗಿಲ ದಾಟಿ ಒಂದು ಹೆಜ್ಜೆ ಒಳಗಿಟ್ಟು ಮೇಲೆ ನೋಡಿದರು. ನಾನೂ ನೋಡಿದೆ. ಬೂದುಬಣ್ಣದ ತೊಲೆಯ ತುದಿಯಲ್ಲಿ, ಇಷ್ಟು ವರ್ಷ ಗೋಡೆಯೊಳಗೆ ಹುದುಗಿದ್ದ ಭಾಗ, ಹೊಸ ಮರದಂತೆ ಕೆಂಪಗೆ ಕಾಣುತ್ತಿತ್ತು. ಅವರು ಹೊರಗೆ ಬಂದು ಜಗಲಿಯ ಮೇಲೆ ಕೂತರು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, “ಅಂಗಿ ಹಾಕ್ಕಳ್ರಪ್ಪ,” ಎಂದರು ಹಮಾಲರಿಗೆ.

ಎಂಜಿನಿಯರ್ ಆರ್ಡರ್ ತಂದು ಬೀದಿಗೆ ಎರಡೂ ಕಡೆ ಹಗ್ಗ ಕಟ್ಟಿಸಿದರು. ಹೊರಗಿನಿಂದ ಏಣಿ ಹಾಕಿ ಮೊದಲು ಹೆಂಚು ಇಳಿಸಬೇಕು, ಗೋಡೆಗೆ ಮರದ ಆನಿಕೆ ಕೊಟ್ಟು ಆಮೇಲೆ ಅಟ್ಟದ ಕೆಲಸ, ಮಳೆ ನಿಂತ ತಕ್ಷಣ ಶುರು ಎಂದು ತೀರ್ಮಾನವಾಯಿತು.

ಗೋಡೆ ಅಷ್ಟು ಕಾಯಲಿಲ್ಲ. ಅದೇ ಮಧ್ಯಾಹ್ನ ಭವನದಲ್ಲಿ ಮಕ್ಕಳು ಊಟಕ್ಕೆ ಕೂತಿದ್ದರು. ಅಡುಗೆಯಮ್ಮ ಬಡಿಸುತ್ತಿದ್ದರು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು, ಅದರ ಬೆನ್ನಿಗೇ ಇನ್ನೊಂದು, ಇನ್ನೂ ದೊಡ್ಡದು. ನೆಲ ಅದುರಿತು. ಸೌಟು ಹಿಡಿದಿದ್ದ ಕೈ ಗಾಳಿಯಲ್ಲೇ ನಿಂತಿತು. ನಾನು ಮಕ್ಕಳ ತಲೆ ಎಣಿಸಿದೆ. ಮತ್ತೆ ಎಣಿಸಿದೆ. ಅಡುಗೆಯಮ್ಮ “ನನ್ ಮಗ್ಳು?” ಎಂದು ಕೂಗಿ, ಹೈಸ್ಕೂಲಿನಲ್ಲಿ ಇರುವಳೆಂದು ತಾವೇ ನೆನಪು ಮಾಡಿಕೊಂಡು, ಅಲ್ಲೇ ನೆಲಕ್ಕೆ ಕುಸಿದರು.

ಮಕ್ಕಳನ್ನು ಮೇಷ್ಟ್ರಿಗೆ ಒಪ್ಪಿಸಿ ಓಡಿದೆ. ಅಡುಗೆಮನೆ ಇರಲಿಲ್ಲ. ಶೀಟಿನ ಮಾಡು ನೆಲಕ್ಕೆ ಒತ್ತಿ ಚಪ್ಪಟೆಯಾಗಿತ್ತು. ಸಾರಿನ ದೊಡ್ಡ ಪಾತ್ರೆಯ ಒಂದು ಕಿವಿ ಮಾತ್ರ ಮಣ್ಣಿನ ಗುಡ್ಡೆಯಿಂದ ಹೊರಗಿಣುಕುತ್ತಿತ್ತು. ಗೋದಾಮಿನ ಹೊಟ್ಟೆ ಬಾಯಿ ತೆರೆದಿತ್ತು. ಅಟ್ಟದ ಕಾಯಿಗಳೆಲ್ಲ ಉರುಳುರುಳಿ ಬಂದು, ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಅಂಗಳವನ್ನು ತುಂಬಿದ್ದವು. ಒಂದೊಂದು ಇನ್ನೂ ಉರುಳುತ್ತಲೇ ಇತ್ತು. ಹಗ್ಗದ ಆಚೆ ಯಜಮಾನರು ಕೈಮುಗಿದು ನಿಂತಿದ್ದರು. ಯಾರಿಗೆ ಮುಗಿಯುತ್ತಿದ್ದರೋ ತಿಳಿಯಲಿಲ್ಲ. ನನ್ನನ್ನು ಕಂಡು ಕೈ ಇಳಿಸಿದರು.

ಅನುಮತಿಯಿಲ್ಲದೆ ಶಾಲೆ ಸ್ಥಳಾಂತರಿಸಿದ್ದಕ್ಕೆ ಕಾರಣ ಕೇಳಿ ನನಗೊಂದು ಪತ್ರ ಬಂತು. ಅದು ಇಲಾಖೆಯ ಕ್ರಮ. ಉತ್ತರದ ಜೊತೆ ಅಡುಗೆಮನೆಯ ಫೋಟೊ ಇಟ್ಟು ಕಳಿಸಿದೆ. ಆಮೇಲೆ ಯಾರೂ ಕೇಳಲಿಲ್ಲ. ಹೊಸ ಅಡುಗೆಮನೆ ಶಾಲೆಯ ಇನ್ನೊಂದು ಬದಿಯಲ್ಲಿ ಎದ್ದಿತು. ಯಜಮಾನರು ಗೋದಾಮನ್ನು ಪೂರ್ತಿ ತೆಗೆಸಿ ಜಾಗವನ್ನು ಖಾಲಿ ಬಿಟ್ಟರು. ಎದುರು ಸಿಕ್ಕಿದರೆ ನಮಸ್ಕಾರ ಹೇಳುತ್ತಾರೆ, ನಿಲ್ಲುವುದಿಲ್ಲ.

ಅಡುಗೆಯಮ್ಮ ಕೆಲವು ವಾರ ಶಾಲೆಯ ಕೊಠಡಿಯಲ್ಲೇ ಇದ್ದು, ಹಳಿಯಾಚೆ ಒಂದು ವಠಾರದಲ್ಲಿ ಬಾಡಿಗೆ ಕೋಣೆ ಹಿಡಿದರು. ದಿನಾ ಮೇಲ್ಸೇತುವೆ ಹತ್ತಿಳಿದು ಬರಬೇಕು. ಮೊಣಕಾಲು ನೋವು ಅನ್ನುತ್ತಾರೆ. ಅದಕ್ಕೆ ಕಾರಣ ನಾನೇ ಎಂದು ಒಮ್ಮೆಯೂ ಅಂದಿಲ್ಲ. ಅಲ್ಲವೆಂದೂ ಅಂದಿಲ್ಲ.

ಮೊನ್ನೆ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಆಫೀಸು ಕೋಣೆಯ ಬಾಗಿಲಿಗೆ ಬಂದು ನಿಂತರು. ಕೈ ಇನ್ನೂ ಒದ್ದೆಯಿತ್ತು.

“ಮೇಡಮ್ನೋರೆ, ವಠಾರದ ಹಿಂದುಗಡೆ ಖಾಲಿ ಸೈಟಲ್ಲಿ ಒಂದು ಹಾಳು ಬಾವಿ ಐತೆ. ಕಟ್ಟೆ ಕಿತ್ತೋಗೈತೆ, ಸುತ್ತ ಹುಲ್ಲು ಬೆಳ್ದು ಬಾಯೇ ಕಾಣಾಕಿಲ್ಲ. ವಠಾರದ ಹುಡುಗ್ರು ಅಲ್ಲೇ ಆಡ್ತವೆ. ನಗರಸಭೆಗೆ ಒಂದ್ ಅರ್ಜಿ ಬರ್ಕೊಡಿ.”

“ಸೈಟು ಯಾರದು?”

“ವಠಾರದ ಓನರ್‌ದೇ.”

ನಾನು ಪೆನ್ನು ತೆಗೆದವಳು ತಡೆದೆ. “ನಿಮ್ಮ ಹೆಸರು ಬೇಡಮ್ಮ. ಶಾಲೆ ಕಡೆಯಿಂದ ನಾನೇ ಬರೀತೀನಿ. ನಿಮ್ಮನ್ನ ಮನೆ ಬಿಡಿಸಿಬಿಟ್ರೆ?”

“ನನ್ ಹೆಸ್ರೇ ಹಾಕಿ. ನೋಡಿರೋಳು ನಾನು,” ಎಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರಿನ ಬೆಂಚಿನ ತುದಿಯಲ್ಲಿ ಕೂತರು. “ಭಯ ಐತೆ ಮೇಡಮ್ನೋರೆ. ಅದಕ್ಕೇ ಇವತ್ತೇ ಬರೀರಿ. ನಾಳೆಗೆ ಈ ಧೈರ್ಯ ಇರಾಕಿಲ್ಲ.”